ಎಲ್ಲರಿಗೂ ತೆರೆಯದ ಬಾಗಿಲು

ವಿದ್ಯಾದಾನವು ದಾನಗಳಲ್ಲಿ ಶ್ರೇಷ್ಠವಾದುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸಾರ್ವಜನಿಕರ ತೆರಿಗೆಯ ಹಣದಿಂದ ನಡೆಯುವ ಶಾಲೆಯು ಕೊಡುವ ವಿದ್ಯೆಯನ್ನು ದಾನವೆಂದು ಕರೆಯಲಾಗದು. ಅದು ಆ ನಾಡಿನಲ್ಲಿ ಬೆಳೆಯುವ ಪ್ರತಿಯೊಂದು ಮಗುವಿನ ಹಕ್ಕು. ದಾನವಾದರೆ ಕೊಡುವವನು ಪಾತ್ರಾಪಾತ್ರ ವಿವೇಚನೆ ಮಾಡಬಹುದು. ಹಕ್ಕಾದರೆ ಅಂಥ ವಿವೇಚನೆಗೆ ಎಡೆಯೇ ಇಲ್ಲ. ಈ ಸರಳವಾದ ಭೇದವನ್ನು ಅರಿಯಲು ಮನುಷ್ಯ ಸಮಾಜಗಳು ಬಹುಕಾಲ ತೆಗೆದುಕೊಂಡಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಾಲ್ಕು ಶಾಲಾ ಜಿಲ್ಲೆಗಳ ಮೇಲೆ 1945ರಲ್ಲಿ ಐವರು ತಂದೆಯರು ಹೂಡಿದ ಮೊಕದ್ದಮೆಯ ಇತಿಹಾಸವು ಈ ದೃಷ್ಟಿಯಿಂದ ಮನನಯೋಗ್ಯವಾಗಿದೆ.

ಅಮೆರಿಕದ ಶಾಲಾಡಳಿತದ ಸ್ವರೂಪವನ್ನು ಮೊದಲು ತಿಳಿಯುವುದು ಅಗತ್ಯ. ಅಲ್ಲಿ ‘ಶಾಲಾ ಜಿಲ್ಲೆ’ ಎಂದರೆ ಕಂದಾಯದ ಜಿಲ್ಲೆಯಲ್ಲ. ಒಂದು ಊರು ಅಥವಾ ಕೆಲವು ಊರುಗಳು ಸೇರಿ, ತಮ್ಮ ಸರಕಾರಿ ಶಾಲೆಗಳನ್ನು ನಡೆಸಲು ಏರ್ಪಡಿಸಿಕೊಂಡ ಸ್ಥಳೀಯ ಸಂಸ್ಥೆಯದು. ಅದಕ್ಕೆ ಊರಿನವರು ಚುನಾಯಿಸಿದ ಶಾಲಾ ಮಂಡಲಿಯಿರುತ್ತದೆ. ಸ್ಥಳೀಯರ ಆಸ್ತಿ ತೆರಿಗೆಯು ಅದರ ಆದಾಯದ ಮುಖ್ಯ ಮೂಲಗಳಲ್ಲಿ ಒಂದು. ಯಾವ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಈ ಮಂಡಲಿಯೇ. ಊರಿನ ಶಾಲೆ ಊರಿನವರ ಕೈಯಲ್ಲಿರುವುದು ಪ್ರಜಾಪ್ರಭುತ್ವಕ್ಕೆ ಭೂಷಣವೇ ಸರಿ. ಆದರೆ ಊರಿನ ಬಲಿಷ್ಠರ ಪೂರ್ವಗ್ರಹವೇ ಶಾಲೆಯ ನಿಯಮವಾಗಿ ಬಿಡುವ ಅಪಾಯವೂ ಅದೇ ವ್ಯವಸ್ಥೆಯಲ್ಲಿ ಅಡಗಿದೆ.

ಕಾನೂನಿನಲ್ಲಿಲ್ಲದ ಗೋಡೆ

ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗದಲ್ಲಿರುವ ಆರೆಂಜ್ ಕೌಂಟಿಯು ಹೆಸರಿಗೆ ತಕ್ಕಂತೆ ಕಿತ್ತಳೆ ತೋಟಗಳ ಪ್ರದೇಶವಾಗಿತ್ತು. ಆ ತೋಟಗಳಲ್ಲಿ ಹಣ್ಣು ಕೀಳುವ, ಹೊಲಗಳಲ್ಲಿ ದುಡಿಯುವ ಕೂಲಿಕಾರರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು. ಅವರ ಸಂಖ್ಯೆ ಬೆಳೆದಂತೆ, ಅವರ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಗಳೂ ಎದ್ದವು. ಸಾಮಾನ್ಯರು ಅವುಗಳನ್ನು ‘ಮೆಕ್ಸಿಕನ್ ಶಾಲೆ’ ಎಂದೇ ಕರೆಯುತ್ತಿದ್ದರು.

ಇಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಆ ಕಾಲದ ಕ್ಯಾಲಿಫೋರ್ನಿಯಾದ ಶಿಕ್ಷಣ ಸಂಹಿತೆಯು ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನೂ, ಚೀನೀ, ಜಪಾನೀ ಹಾಗೂ ಮಂಗೋಲಿಯನ್ ವಂಶದವರೆಂದು ಕರೆಯಲ್ಪಟ್ಟವರ ಮಕ್ಕಳನ್ನೂ ಬೇರೆ ಶಾಲೆಗಳಲ್ಲಿ ಇರಿಸಲು ಅವಕಾಶ ಕೊಟ್ಟಿತ್ತು. ಆದರೆ ಮೆಕ್ಸಿಕೊ ಮೂಲದ ಮಕ್ಕಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರನ್ನು ಬೇರ್ಪಡಿಸಿದ್ದು ಕಾನೂನಲ್ಲ, ರೂಢಿ. ರೂಢಿಗೆ ಬರೆದ ಆಧಾರ ಬೇಕಾಗುವುದಿಲ್ಲ. ಯಾರೂ ಪ್ರಶ್ನಿಸದಿದ್ದರೆ ಸಾಕು, ಅದು ಕಾನೂನಿಗಿಂತಲೂ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನಿಸಿದವರು ಹಿಂದೆಯೂ ಇದ್ದರು. ಸ್ಯಾನ್ ಡಿಯಾಗೊ ನಗರದ ಸಮೀಪದ ಲೆಮನ್ ಗ್ರೋವ್ ಎಂಬ ಊರಿನಲ್ಲಿ 1931ರ ಜನವರಿ 5ರಂದು ಶಾಲೆಯ ಮುಖ್ಯಾಧ್ಯಾಪಕರು ಬಾಗಿಲಲ್ಲಿ ನಿಂತು, ಮೆಕ್ಸಿಕೊ ಮೂಲದ ಸುಮಾರು 75 ಮಕ್ಕಳನ್ನು ಒಳಗೆ ಬಿಡದೆ, ಅವರಿಗಾಗಿ ಕಟ್ಟಿದ್ದ ಎರಡು ಕೋಣೆಗಳ ಬೇರೊಂದು ಕಟ್ಟಡಕ್ಕೆ ಹೋಗುವಂತೆ ಸೂಚಿಸಿದರು. ತಂದೆತಾಯಿಗಳು ಆ ಕಟ್ಟಡವನ್ನು ‘ಕುದುರೆಲಾಯ’ವೆಂದು ಕರೆದರು, ಮಕ್ಕಳನ್ನು ಅಲ್ಲಿಗೆ ಕಳುಹಿಸದೆ ಮನೆಯಲ್ಲಿಯೇ ಇರಿಸಿಕೊಂಡು ನ್ಯಾಯಾಲಯಕ್ಕೆ ಹೋದರು. ರಾಬರ್ಟೊ ಆಲ್ವಾರೆಜ್ ಎಂಬ ಬಾಲಕನ ಹೆಸರಿನಲ್ಲಿ ನಡೆದ ಆ ಮೊಕದ್ದಮೆಯಲ್ಲಿ ಅದೇ ವರ್ಷ ತಂದೆತಾಯಿಗಳಿಗೆ ಜಯ ದೊರೆಯಿತು. ಆದರೆ ಅದು ಸ್ಥಳೀಯ ನ್ಯಾಯಾಲಯದ ತೀರ್ಪಾದುದರಿಂದ ಅದರ ಫಲ ಆ ಊರಿನ ಎಲ್ಲೆಯನ್ನು ದಾಟಲಿಲ್ಲ. ಆರೆಂಜ್ ಕೌಂಟಿಯ ಗೋಡೆಗಳು ಮತ್ತೆ ಒಂದೂವರೆ ದಶಕ ಹಾಗೆಯೇ ನಿಂತವು.

ಎರಡು ಕುಟುಂಬಗಳು, ಒಂದು ಜಮೀನು

ಎರಡನೆಯ ಮಹಾಯುದ್ಧದ ಕಾಲ. 1942ರ ಫೆಬ್ರವರಿ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆಜ್ಞೆಯ ಫಲವಾಗಿ ಪಶ್ಚಿಮ ಕರಾವಳಿಯ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಬಹುಸಂಖ್ಯೆಯವರು ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಆಸ್ಪರಾಗಸ್ ಎಂಬ ತರಕಾರಿಯನ್ನು ಬೆಳೆಯುತ್ತಿದ್ದ ಮುನೆಮಿತ್ಸು ಕುಟುಂಬವೂ ಹಾಗೆ ಅರಿಜೋನ ರಾಜ್ಯದ ಪೋಸ್ಟನ್ ಶಿಬಿರವನ್ನು ಸೇರಬೇಕಾಯಿತು. ನಲವತ್ತು ಎಕರೆಯ ಅವರ ಜಮೀನು ಅನಾಥವಾಗುವ ಸ್ಥಿತಿ ಒದಗಿತು.

ಆ ಜಮೀನನ್ನು ಗುತ್ತಿಗೆಗೆ ಪಡೆದವರು ಗೊನ್ಸಾಲೊ ಮೆಂಡೆಜ್ ಮತ್ತು ಫೆಲಿಸಿಟಾಸ್ ಮೆಂಡೆಜ್ ದಂಪತಿಗಳು. ಗೊನ್ಸಾಲೊ ಮೆಕ್ಸಿಕೊದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಕ್ಯಾಲಿಫೋರ್ನಿಯಾಕ್ಕೆ ಬಂದವರು. ಫೆಲಿಸಿಟಾಸ್ ಪೋರ್ಟೊರಿಕೊ ದ್ವೀಪದವರು. ಸಾಂಟಾ ಆನಾ ನಗರದಲ್ಲಿ ಚಿಕ್ಕ ಉಪಾಹಾರಗೃಹವೊಂದನ್ನು ನಡೆಸುತ್ತಿದ್ದ ಅವರು, ಸ್ವತಂತ್ರ ಕೃಷಿಕರಾಗಬೇಕೆಂಬ ಬಹುದಿನದ ಆಸೆಯಿಂದ ಮೂವರು ಮಕ್ಕಳೊಂದಿಗೆ ವೆಸ್ಟ್‌ಮಿನ್‌ಸ್ಟರ್‌ಗೆ ಬಂದು ನೆಲೆಸಿದರು. ಮಗಳು ಸಿಲ್ವಿಯಾಗೆ ಆಗ ಏಳೆಂಟು ವರ್ಷ. ಆಕೆಗೆ ಇಬ್ಬರು ತಮ್ಮಂದಿರು.

ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ಬಂದಿತು. ಗೊನ್ಸಾಲೊ ಅವರ ಸಹೋದರಿ ಸೊಲೆಡಾಡ್ ವಿದೌರಿ ಅವರು ತಮ್ಮ ಮಕ್ಕಳನ್ನೂ ಸೋದರನ ಮಕ್ಕಳನ್ನೂ ಕರೆದುಕೊಂಡು ಸಮೀಪದ ಹದಿನೇಳನೆಯ ಬೀದಿಯ ಶಾಲೆಗೆ ಹೋದರು. ವಿದೌರಿ ಮಕ್ಕಳ ಮೈಬಣ್ಣ ತಿಳಿಯಾದುದು. ಅವರ ಕುಲನಾಮವೂ ಫ್ರೆಂಚರ ಹೆಸರಿನಂತೆ ಕೇಳಿಸುತ್ತಿತ್ತು. ಅವರನ್ನು ಸೇರಿಸಿಕೊಳ್ಳಬಹುದೆಂದು ಶಾಲೆಯವರು ಹೇಳಿದರು. ಆದರೆ ಕಂದುಬಣ್ಣದ, ಮೆಂಡೆಜ್ ಎಂಬ ಹೆಸರಿನ ಮಕ್ಕಳು ಹೂವರ್ ಶಾಲೆಗೆ, ಅಂದರೆ ಮೆಕ್ಸಿಕನ್ ಶಾಲೆಗೆ, ಹೋಗಬೇಕೆಂದು ತಿಳಿಸಿದರು. ಒಂದೇ ಅಜ್ಜನ ಮೊಮ್ಮಕ್ಕಳು ಒಂದೇ ಬಾಗಿಲಲ್ಲಿ ನಿಂತು, ಬಣ್ಣದಿಂದಲೂ ಹೆಸರಿನಿಂದಲೂ ಎರಡು ಜಾತಿಯಾದರು.

ಆ ಹೆಣ್ಣುಮಗಳಿಗೆ ಅಂದು ಸುಲಭವಾದ ದಾರಿಯೊಂದು ತೆರೆದಿತ್ತು. ತನ್ನ ಮಕ್ಕಳನ್ನು ಒಳ್ಳೆಯ ಶಾಲೆಯಲ್ಲಿ ಬಿಟ್ಟು, ಸೋದರನ ಮಕ್ಕಳ ಕೈಹಿಡಿದು ಮನೆಗೆ ಹಿಂದಿರುಗಿದ್ದರೆ ಲೋಕವೇನೂ ದೂರುತ್ತಿರಲಿಲ್ಲ. ಆಕೆ ಹಾಗೆ ಮಾಡಲಿಲ್ಲ. ಆ ಮಕ್ಕಳಿಗಿಲ್ಲದ ಶಾಲೆ ತನ್ನ ಮಕ್ಕಳಿಗೂ ಬೇಡವೆಂದು ಎಲ್ಲರನ್ನೂ ಕರೆದುಕೊಂಡು ಹಿಂದಿರುಗಿದರು. ಮುಂದೆ ನಡೆದ ನ್ಯಾಯದ ಹೋರಾಟವೆಲ್ಲವೂ ಈ ಒಂದು ನಿರಾಕರಣೆಯ ವಿಸ್ತಾರವೆಂದರೆ ಅತಿಶಯೋಕ್ತಿಯಾಗಲಾರದು.

ಮೆಂಡೆಜ್ ಮಕ್ಕಳು ಹೂವರ್ ಶಾಲೆಗೇ ಹೋಗಬೇಕಾಯಿತು. ಒಂದೆಡೆ ಹುಲ್ಲುಹಾಸು, ಮರಗಳು, ಆಟದ ಸಲಕರಣೆಗಳಿದ್ದ ಶಾಲೆ. ಇನ್ನೊಂದೆಡೆ ದನಗಳ ಹುಲ್ಲುಗಾವಲಿಗೆ ತಾಗಿದ, ಆಟದ ಬಯಲಿಲ್ಲದ ಕಟ್ಟಡ. ಊಟದ ಬುತ್ತಿ ಬಿಚ್ಚಿದರೆ ನೊಣಗಳು ಮುತ್ತುತ್ತಿದ್ದುದನ್ನೂ, ಹುಲ್ಲುಗಾವಲಿನ ಸುತ್ತ ವಿದ್ಯುತ್ ಹರಿಸಿದ ತಂತಿಬೇಲಿ ಇದ್ದುದನ್ನೂ ಸಿಲ್ವಿಯಾ ಅವರು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದರು.

ನ್ಯಾಯಾಲಯದಲ್ಲಿ

ಗೊನ್ಸಾಲೊ ಅವರು ಶಾಲಾಧಿಕಾರಿಗಳನ್ನು ಕಂಡು ವಿನಂತಿಸಿದರು, ಫಲ ದೊರೆಯಲಿಲ್ಲ. ಆಗ ಅವರು ಡೇವಿಡ್ ಮಾರ್ಕಸ್ ಎಂಬ ವಕೀಲರನ್ನು ಆಶ್ರಯಿಸಿದರು. ಯೆಹೂದ್ಯರಾದ ಮಾರ್ಕಸ್ ಅವರು ಸ್ಯಾನ್ ಬರ್ನಾರ್ಡಿನೊ ನಗರದ ಸಾರ್ವಜನಿಕ ಉದ್ಯಾನ ಮತ್ತು ಈಜುಕೊಳದಿಂದ ಮೆಕ್ಸಿಕೊ ಮೂಲದವರನ್ನು ದೂರವಿಟ್ಟಿದ್ದ ಪ್ರಕರಣದಲ್ಲಿ 1944ರಲ್ಲಿ ಜಯ ಗಳಿಸಿದ್ದವರು. ಒಂದು ಮನೆಯ ಮಕ್ಕಳ ದೂರಿಗಿಂತ ಇಡೀ ಪದ್ಧತಿಯ ವಿರುದ್ಧದ ದೂರು ಬಲವಾದುದೆಂದು ಅವರು ಅರಿತಿದ್ದರು. ಗೊನ್ಸಾಲೊ ಊರೂರು ಸುತ್ತಿ ಇತರ ತಂದೆತಾಯಿಗಳನ್ನು ಕೂಡಿಸಿದರು; ಆ ಕಾಲದಲ್ಲಿ ಜಮೀನಿನ ಹೊಣೆಯನ್ನು ಹೊತ್ತವರು ಫೆಲಿಸಿಟಾಸ್. ಆ ಬೆಳೆಯ ಆದಾಯವೇ ಮೊಕದ್ದಮೆಯ ಖರ್ಚಿಗೆ ಆಧಾರವಾಯಿತು.

1945ರ ಮಾರ್ಚ್ 2ರಂದು ಮೆಂಡೆಜ್, ಎಸ್ಟ್ರಾಡ, ಗುಜ್ಮನ್, ಪಲೊಮಿನೊ ಮತ್ತು ರಮಿರೆಜ್ ಎಂಬ ಐವರು ತಂದೆಯರು ವೆಸ್ಟ್‌ಮಿನ್‌ಸ್ಟರ್, ಗಾರ್ಡನ್ ಗ್ರೋವ್, ಸಾಂಟಾ ಆನಾ ಮತ್ತು ಎಲ್ ಮೊಡೆನಾ ಎಂಬ ನಾಲ್ಕು ಶಾಲಾ ಜಿಲ್ಲೆಗಳ ಮೇಲೆ ಲಾಸ್ ಏಂಜಲಿಸ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ತಮ್ಮ ಮಕ್ಕಳೊಂದಿಗೆ ಅದೇ ಸ್ಥಿತಿಯಲ್ಲಿದ್ದ ಸುಮಾರು 5,000 ಮಕ್ಕಳ ಪರವಾಗಿಯೂ ಅವರು ನ್ಯಾಯವನ್ನು ಬೇಡಿದ್ದರು.

ಜಿಲ್ಲೆಗಳ ವಾದವು ಕಿವಿಗೆ ಹಿತವಾಗಿಯೇ ಇತ್ತು. ಈ ಮಕ್ಕಳು ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುತ್ತಾರೆ. ಇಂಗ್ಲಿಷ್ ಕಲಿಯುವ ತನಕ ಅವರನ್ನು ಬೇರೆಯಾಗಿ ಇರಿಸುವುದು ಅವರ ಹಿತಕ್ಕಾಗಿಯೇ ಎಂದು ಅಧಿಕಾರಿಗಳು ಹೇಳಿದರು. ಆದರೆ ಸಾಕ್ಷಿಗಳ ವಿಚಾರಣೆ ಮುಂದುವರಿದಂತೆ ಹಿತಚಿಂತನೆಯ ಮುಸುಕು ಸರಿಯತೊಡಗಿತು. ಗಾರ್ಡನ್ ಗ್ರೋವ್ ಜಿಲ್ಲೆಯ ಮುಖ್ಯ ಶಿಕ್ಷಣಾಧಿಕಾರಿಯು ಮೆಕ್ಸಿಕೊ ಮೂಲದ ಮಕ್ಕಳು ಶುಚಿತ್ವದಲ್ಲಿಯೂ ಕಲಿಕೆಯ ಸಾಮರ್ಥ್ಯದಲ್ಲಿಯೂ ಕೀಳೆಂದು ಪ್ರಮಾಣ ಮಾಡಿ ನುಡಿದರು. ಇಂಗ್ಲಿಷರ ಶಿಶುಗೀತೆಗಳು ಆ ಮಕ್ಕಳಿಗೆ ತಿಳಿದಿಲ್ಲವೆಂಬುದೂ ಒಂದು ಕೊರತೆಯಾಗಿ ಪರಿಗಣಿತವಾಯಿತು. ಮಗುವಿನ ಭಾಷಾಜ್ಞಾನವನ್ನು ಹೇಗೆ ಪರೀಕ್ಷಿಸಲಾಗುತ್ತಿತ್ತು ಎಂದು ಕೇಳಿದಾಗ, ಆ ಪರೀಕ್ಷೆಗಳು ಅವಸರದವೂ ಮೇಲುಮೇಲಿನವೂ ಆಗಿದ್ದುದು ಹೊರಬಿದ್ದಿತು. ಕೆಲವೆಡೆ ಮಗುವಿನ ಕುಲನಾಮವೇ ಪರೀಕ್ಷೆ! ಹದಿನಾಲ್ಕು ವರ್ಷದ ಬಾಲಕಿಯೊಬ್ಬಳು ಸಾಕ್ಷಿಯಾಗಿ ನಿಂತು ಸ್ಪಷ್ಟವಾದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಾಗ, ಜಿಲ್ಲೆಗಳ ವಾದಕ್ಕೆ ಅವಳ ಮಾತೇ ಖಂಡನೆಯಾಯಿತು.

ಮಾರ್ಕಸ್ ಅವರು ಶಿಕ್ಷಣತಜ್ಞರನ್ನೂ ಮಾನವಶಾಸ್ತ್ರಜ್ಞರನ್ನೂ ಸಾಕ್ಷಿಗೆ ಕರೆಸಿದರು. ಬೇರ್ಪಡಿಸುವಿಕೆಯು ಭಾಷೆಯ ಕಲಿಕೆಗೆ ನೆರವಾಗದೆ ಅಡ್ಡಿಯಾಗುತ್ತದೆಂದೂ, ಎರಡೂ ಬಗೆಯ ಮಕ್ಕಳ ಮನಸ್ಸಿನಲ್ಲಿ ಮೇಲುಕೀಳಿನ ಭಾವನೆಯನ್ನು ಬಿತ್ತುತ್ತದೆಂದೂ ಅವರು ವಿವರಿಸಿದರು. ಇಂಗ್ಲಿಷ್ ಕಲಿಯಬೇಕಾದ ಮಗುವನ್ನು ಇಂಗ್ಲಿಷ್ ಆಡುವ ಮಕ್ಕಳಿಂದ ದೂರವಿಡುವುದು, ಈಜು ಕಲಿಯಬೇಕಾದವನನ್ನು ನೀರಿನಿಂದ ದೂರವಿಟ್ಟಂತೆಯೇ ಸರಿ.

ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಾಲ್ ಮೆಕ್‌ಕಾರ್ಮಿಕ್ ಅವರು 1946ರ ಫೆಬ್ರವರಿ 18ರಂದು ತೀರ್ಪು ಕೊಟ್ಟರು. ಅದುವರೆಗೆ 1896ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿಗೆ ಅನುಸಾರವಾಗಿ, ‘ಬೇರೆಯಾದರೂ ಸಮಾನ’ವಾದ ಸೌಲಭ್ಯ ಒದಗಿಸಿದರೆ ಸಾಕೆಂಬ ನಿಲುವು ಆ ದೇಶದಲ್ಲಿ ಬೇರೂರಿತ್ತು. ಮೆಕ್‌ಕಾರ್ಮಿಕ್ ಅವರು ಆ ನಿಲುವಿನಾಚೆಗೆ ನೋಡಿದರು. ಒಂದೇ ಪಠ್ಯ, ಒಂದೇ ಬಗೆಯ ಕಟ್ಟಡ, ಸಮಾನ ಅರ್ಹತೆಯ ಉಪಾಧ್ಯಾಯರು ಇದ್ದಮಾತ್ರಕ್ಕೆ ಸಮಾನತೆ ಸಿದ್ಧಿಸದು. ಸಾರ್ವಜನಿಕ ಶಿಕ್ಷಣದ ಮೊದಲ ಅಗತ್ಯವೇ ಸಾಮಾಜಿಕ ಸಮಾನತೆ. ವಂಶಭೇದವಿಲ್ಲದೆ ಮಕ್ಕಳು ಕೂಡಿ ಕಲಿಯುವಂತೆ ಶಾಲೆ ತೆರೆದಿರಬೇಕು ಎಂಬುದು ಅವರ ತೀರ್ಪಿನ ಸಾರ. ಕಟ್ಟಡಗಳನ್ನು ಅಳೆದು ತೂಗುವ ಬದಲು, ಬೇರೆ ಕುಳ್ಳಿರಿಸಿದ ಮಗುವಿನ ಮನಸ್ಸಿಗೆ ಏನಾಗುತ್ತದೆಂಬುದನ್ನು ಒಬ್ಬ ನ್ಯಾಯಮೂರ್ತಿ ಅಳೆಯಹೊರಟಿದ್ದು ಈ ತೀರ್ಪಿನ ಹಿರಿಮೆ.

ಒಂದರಿಂದ ಅನೇಕ

ಜಿಲ್ಲೆಗಳು ಮೇಲ್ಮನವಿ ಸಲ್ಲಿಸಿದವು. ಆಗ ಈ ಪ್ರಕರಣವು ಒಂದು ಸಮುದಾಯದ ದೂರಾಗಿ ಉಳಿಯಲಿಲ್ಲ. ಕಪ್ಪುಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ರಾಷ್ಟ್ರೀಯ ಸಂಸ್ಥೆಯ ಪರವಾಗಿ ತರ್ಗುಡ್ ಮಾರ್ಷಲ್ ಮತ್ತು ಅವರ ಸಂಗಡಿಗರು, ಅಮೆರಿಕದ ಯೆಹೂದ್ಯರ ಸಂಸ್ಥೆ, ಜಪಾನೀ ಮೂಲದ ಅಮೆರಿಕನರ ಸಂಘ, ನಾಗರಿಕ ಸ್ವಾತಂತ್ರ್ಯದ ಸಂಘಟನೆ, ಸ್ವತಃ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ – ಇವರೆಲ್ಲರೂ ಮಕ್ಕಳ ಪಕ್ಷದಲ್ಲಿ ನ್ಯಾಯಾಲಯಕ್ಕೆ ಲಿಖಿತ ನಿವೇದನೆಗಳನ್ನು ಒಪ್ಪಿಸಿದರು. ಶಿಬಿರಗಳಿಂದ ಬಿಡುಗಡೆಗೊಂಡು ಇನ್ನೂ ತಮ್ಮ ಬದುಕನ್ನೇ ಕಟ್ಟಿಕೊಳ್ಳುತ್ತಿದ್ದ ಜಪಾನೀ ಮೂಲದವರು ಪರರ ಮಕ್ಕಳಿಗಾಗಿ ದನಿಯೆತ್ತಿದ್ದು ವಿಶೇಷವಾಗಿ ಸ್ಮರಣೀಯ.

1947ರ ಏಪ್ರಿಲ್ 14ರಂದು ಮೇಲ್ಮನವಿ ನ್ಯಾಯಾಲಯದ ಏಳೂ ನ್ಯಾಯಮೂರ್ತಿಗಳು ಕೆಳಗಿನ ತೀರ್ಪನ್ನು ಎತ್ತಿಹಿಡಿದರು. ಆದರೆ ಅವರು ಹಿಡಿದ ದಾರಿ ಕಿರಿದು. ‘ಬೇರೆಯಾದರೂ ಸಮಾನ’ವೆಂಬ ತತ್ತ್ವವನ್ನು ಅವರು ಮುಟ್ಟಲಿಲ್ಲ. ರಾಜ್ಯದ ಕಾನೂನಿನಲ್ಲಿ ಮೆಕ್ಸಿಕೊ ಮೂಲದವರನ್ನು ಬೇರ್ಪಡಿಸಲು ಅಧಿಕಾರವೇ ಇಲ್ಲದಿರುವುದರಿಂದ ಜಿಲ್ಲೆಗಳ ಕ್ರಮ ಅನ್ಯಾಯವೆಂದರು, ಅಷ್ಟೆ. ಈ ತರ್ಕದಂತೆ, ಕಾನೂನಿನಲ್ಲಿ ಹೆಸರಿದ್ದ ಚೀನೀ, ಜಪಾನೀ ಹಾಗೂ ಮೂಲನಿವಾಸಿ ಮಕ್ಕಳ ಪಾಲಿಗೆ ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

ಆ ಬಾಗಿಲನ್ನು ತೆರೆದದ್ದು ಶಾಸನಸಭೆ. ಇತರ ಮಕ್ಕಳನ್ನು ಬೇರ್ಪಡಿಸಲು ಅವಕಾಶವಿದ್ದ ವಿಧಿಗಳನ್ನೂ ರದ್ದುಪಡಿಸುವ ಮಸೂದೆಗೆ 1947ರ ಜೂನ್ 14ರಂದು ರಾಜ್ಯಪಾಲ ಅರ್ಲ್ ವಾರೆನ್ ಸಹಿ ಹಾಕಿದರು. ಇದೇ ವಾರೆನ್ ಅವರು 1942ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಆಗಿದ್ದಾಗ ಜಪಾನೀ ಮೂಲದವರನ್ನು ಹೊರಹಾಕುವುದನ್ನು ಬೆಂಬಲಿಸಿದ್ದವರು. ಅದಕ್ಕಾಗಿ ಮುಂದೆ ತಮ್ಮ ಆತ್ಮಕಥೆಯಲ್ಲಿ ಪಶ್ಚಾತ್ತಾಪಪಟ್ಟಿದ್ದಾರೆ. 1954ರ ಮೇ 17ರಂದು, ದೇಶದ ಸರಕಾರಿ ಶಾಲೆಗಳಲ್ಲಿ ವರ್ಣಭೇದದ ಬೇರ್ಪಡಿಕೆಯು ಸಂವಿಧಾನಬಾಹಿರವೆಂಬ ಬ್ರೌನ್ ಪ್ರಕರಣದ ಚಾರಿತ್ರಿಕ ತೀರ್ಪನ್ನು ಬರೆದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯೂ ಅವರೇ. ವಾದ ಮಂಡಿಸಿದ ವಕೀಲರಲ್ಲಿ ತರ್ಗುಡ್ ಮಾರ್ಷಲ್ ಪ್ರಮುಖರು. ತಪ್ಪು ಮಾಡಿದ ಮನುಷ್ಯನಿಗೆ ತಿದ್ದಿಕೊಳ್ಳುವ ದಾರಿ ಎಂದಿಗೂ ಮುಚ್ಚುವುದಿಲ್ಲವೆಂಬುದಕ್ಕೆ ವಾರೆನ್ ಅವರ ಬದುಕೇ ನಿದರ್ಶನ.

ಯುದ್ಧಾನಂತರ ಮುನೆಮಿತ್ಸು ಕುಟುಂಬವು ಶಿಬಿರದಿಂದ ಮರಳಿತು. ಕರಾವಳಿಯುದ್ದಕ್ಕೂ ಅನೇಕ ಜಪಾನೀ ಕುಟುಂಬಗಳು ತಮ್ಮ ನೆಲ, ಮನೆ, ವ್ಯಾಪಾರಗಳನ್ನು ಶಾಶ್ವತವಾಗಿ ಕಳೆದುಕೊಂಡಿದ್ದ ಕಾಲವದು. ಆದರೆ ಇವರ ಜಮೀನು ಇವರಿಗಾಗಿ ಉಳಿದಿತ್ತು. ಕೆಲಕಾಲ ಎರಡು ಕುಟುಂಬಗಳೂ ಅದೇ ನೆಲದಲ್ಲಿ ಜೊತೆಯಾಗಿ ದುಡಿದವು. ಅನಂತರ ಮೆಂಡೆಜ್ ದಂಪತಿಗಳು ಅದನ್ನು ಒಡೆಯರಿಗೆ ಒಪ್ಪಿಸಿ ಸಾಂಟಾ ಆನಾ ನಗರಕ್ಕೆ ಹಿಂದಿರುಗಿದರು. ಪರರ ಸಂಕಟಕಾಲದಲ್ಲಿ ಕೈಗೆ ಬಂದ ಸ್ವತ್ತನ್ನು ಮರಳಿಸುವ ನಿಷ್ಠೆಯೂ, ಪರರ ಮಕ್ಕಳನ್ನು ಬಿಟ್ಟು ತಮ್ಮ ಮಕ್ಕಳಿಗೆ ಮಾತ್ರ ಸೌಲಭ್ಯ ಬೇಡವೆನ್ನುವ ನಿಷ್ಠೆಯೂ ಒಂದೇ ಮನೆತನದಲ್ಲಿ ಕಂಡುಬಂದದ್ದು ಆಕಸ್ಮಿಕವಲ್ಲ.

ಬಾಗಿಲು ತೆರೆದ ಮೇಲೆ

ತೀರ್ಪಿನಿಂದ ಎಲ್ಲವೂ ಮುಗಿಯಲಿಲ್ಲ. ಬಿಳಿಯರ ಮಕ್ಕಳಿದ್ದ ಶಾಲೆಗೆ ಸೇರಿದ ಮೊದಲ ದಿನವೇ ಹುಡುಗನೊಬ್ಬನು ಸಿಲ್ವಿಯಾಳಿಗೆ, ಇದು ನಿನ್ನ ಶಾಲೆಯಲ್ಲ ಎಂದು ಹೇಳಿದನು. ಅಳುತ್ತ ಮನೆಗೆ ಬಂದ ಮಗಳು ಮತ್ತೆ ಅಲ್ಲಿಗೆ ಹೋಗಲಾರೆನೆಂದಳು. ಅಂದಿನವರೆಗೆ ಆ ಬಾಲಕಿಯು, ತಂದೆತಾಯಿಗಳು ಹೋರಾಡುತ್ತಿರುವುದು ಆ ಶಾಲೆಯ ಸುಂದರವಾದ ಆಟದ ಬಯಲಿಗಾಗಿ ಎಂದೇ ಭಾವಿಸಿದ್ದಳು. ಅವಳು ಆ ಹುಡುಗನಿಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲವೆಂಬುದಕ್ಕಾಗಿ ತಾವು ಹೋರಾಡಿದುದೆಂದು ತಾಯಿ ಅಂದು ಮಗಳಿಗೆ ತಿಳಿಹೇಳಿದರು. ಸಿಲ್ವಿಯಾ ಶಾಲೆಯನ್ನು ಬಿಡಲಿಲ್ಲ. ಬೆಳೆದು ದಾದಿಯಾಗಿ ಮೂರು ದಶಕಗಳಿಗೂ ಮಿಕ್ಕಿ ರೋಗಿಗಳ ಸೇವೆ ಮಾಡಿದರು. ನಿವೃತ್ತಿಯ ನಂತರ ಶಾಲೆಯಿಂದ ಶಾಲೆಗೆ ಹೋಗಿ ಈ ಇತಿಹಾಸವನ್ನು ಮಕ್ಕಳಿಗೆ ಹೇಳುತ್ತ ಬಂದರು. 2011ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ಪ್ರದಾನ ಮಾಡಿದರು. ಆ ವೇಳೆಗೆ ತಂದೆತಾಯಿಗಳಿಬ್ಬರೂ ಕಾಲವಶರಾಗಿದ್ದರು.

ಬಾಗಿಲು ತೆರೆಯುವುದು ಒಂದು ಹೆಜ್ಜೆ. ಒಳಗೆ ಬಂದ ಮಗುವಿಗೆ ಕಲಿಸುವುದು ಇನ್ನೊಂದು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಶಾಲಾ ಜಿಲ್ಲೆಯಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ವಿದ್ಯಾರ್ಥಿಗಳು ಎಲ್ಲರಂತೆ ತರಗತಿಗಳಲ್ಲಿ ಕುಳಿತಿದ್ದರು. ಆದರೆ ಪಾಠ ಅರ್ಥವಾಗುತ್ತಿರಲಿಲ್ಲ. ಅವರ ಪರವಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ, ಅದೇ ಪುಸ್ತಕ, ಅದೇ ಉಪಾಧ್ಯಾಯ, ಅದೇ ಪಠ್ಯಕ್ರಮ ಕೊಟ್ಟಮಾತ್ರಕ್ಕೆ ಸಮಾನ ಉಪಚಾರವಾಗದೆಂದು ನಿರ್ಣಯಿಸಿತು. 1945ರಲ್ಲಿ ಭಾಷೆಯು ಮಗುವನ್ನು ಹೊರಗಿಡುವ ನೆಪವಾಗಿತ್ತು; 1974ರಲ್ಲಿ ಅದೇ ಭಾಷೆಯು ಮಗುವಿಗೆ ಹೆಚ್ಚಿನ ನೆರವು ಕೊಡಬೇಕೆಂಬ ಕರ್ತವ್ಯದ ಕಾರಣವಾಯಿತು. 2013ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಬಡ ಮನೆಗಳ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಮತ್ತು ಪೋಷಕ ಕುಟುಂಬಗಳ ಆಶ್ರಯದಲ್ಲಿರುವ ಮಕ್ಕಳಿಗಾಗಿ ಶಾಲಾ ಜಿಲ್ಲೆಗಳಿಗೆ ಅಧಿಕ ಅನುದಾನ ಕೊಡುವ ಸೂತ್ರವನ್ನು ಅಂಗೀಕರಿಸಿತು. ಎಲ್ಲರಿಗೂ ಒಂದೇ ಅಳತೆ ಎಂಬುದರಿಂದ, ಅವರವರ ಅಗತ್ಯಕ್ಕೆ ತಕ್ಕ ನೆರವು ಎಂಬಲ್ಲಿಗೆ ವಿಚಾರ ಬೆಳೆದ ಬಗೆ ಇದು.

ಆ ದೇಶದಲ್ಲಿ ಈ ವಿಚಾರವಿನ್ನೂ ಇತ್ಯರ್ಥವಾಗಿಲ್ಲ. ವಾಸದ ಬಡಾವಣೆಗಳೇ ಬೇರೆಬೇರೆಯಾಗಿರುವೆಡೆ ಶಾಲೆಗಳೂ ತಾವಾಗಿಯೇ ಬೇರೆಯಾಗುತ್ತವೆ. ಸಮತೆ, ವೈವಿಧ್ಯ, ಸರ್ವರ ಒಳಗೊಳ್ಳುವಿಕೆ ಎಂಬ ಹೆಸರಿನ ಕಾರ್ಯಕ್ರಮಗಳ ಬಗೆಗೂ ತೀವ್ರವಾದ ವಾದವಿವಾದಗಳೆದ್ದಿವೆ. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಕೇಂದ್ರ ಸರಕಾರದ ಇಲಾಖೆಗಳಲ್ಲಿ ಇಂಥ ಕಾರ್ಯಕ್ರಮಗಳನ್ನು ನಿಲ್ಲಿಸುವ ಆಜ್ಞೆ ಹೊರಡಿಸಿದರು. ಹೆಸರುಗಳ ಕುರಿತ ವಿವಾದ ಏನೇ ಇರಲಿ, ವೆಸ್ಟ್‌ಮಿನ್‌ಸ್ಟರ್‌ನ ಶಾಲೆಯ ಬಾಗಿಲಲ್ಲಿ ಎದ್ದ ಪ್ರಶ್ನೆ ಮಾತ್ರ ಹಳತಾಗುವುದಿಲ್ಲ. ಎಲ್ಲರ ಹಣದಿಂದ ನಡೆಯುವ ಸಂಸ್ಥೆಯೊಂದು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಬೇರೆಡೆಗೆ ಕಳುಹಿಸುತ್ತದೆ, ಹಾಗೆ ಕಳುಹಿಸುವಾಗ ಯಾವ ಹಿತವಾದ ಮಾತನ್ನು ಆಡುತ್ತದೆ ಎಂಬುದೇ ಆ ಪ್ರಶ್ನೆ.

ಅನ್ಯಾಯವು ಅನೇಕ ವೇಳೆ ಕ್ರೌರ್ಯದ ಮುಖದಿಂದ ಬರುವುದಿಲ್ಲ. ಅದು ವ್ಯವಸ್ಥೆಯ ಅನುಕೂಲವಾಗಿ, ಮಗುವಿನ ಒಳಿತಾಗಿ, ಹಿಂದಿನಿಂದ ನಡೆದುಬಂದ ಪದ್ಧತಿಯಾಗಿ ಬರುತ್ತದೆ. ಅದನ್ನು ಎದುರಿಸುವವರಿಗೆ ಒಂದು ಆಮಿಷವೂ ಕಾದಿರುತ್ತದೆ: ನಿಮ್ಮ ಮಕ್ಕಳಿಗೆ ಮಾತ್ರ ಸ್ಥಳವುಂಟು, ಉಳಿದವರ ಮಾತು ನಿಮಗೇಕೆ? ಈ ಆಮಿಷಕ್ಕೆ ಒಪ್ಪಿದವರಿಗೆ ಸಿಗುವುದು ಅನುಗ್ರಹ. ಅದನ್ನು ಕೊಟ್ಟವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನಿರಾಕರಿಸಿದವರಿಂದ ಮಾತ್ರ ನ್ಯಾಯ ನೆಲೆಗೊಳ್ಳುತ್ತದೆ. ಸೊಲೆಡಾಡ್ ವಿದೌರಿ ಅವರು ನ್ಯಾಯಶಾಸ್ತ್ರವನ್ನು ಓದಿದವರಲ್ಲ. ತನ್ನ ಮಕ್ಕಳೊಂದಿಗೆ ಸೋದರನ ಮಕ್ಕಳ ಕೈಯನ್ನೂ ಹಿಡಿದು ಅವರು ಆ ಬಾಗಿಲಿನಿಂದ ಹಿಂದಿರುಗಿದ ದಿನವೇ, ಮುಂದೆ ಸಾವಿರಾರು ಮಕ್ಕಳಿಗೆ ಆ ಬಾಗಿಲು ತೆರೆಯುವ ಕಾರ್ಯಕ್ಕೆ ನಾಂದಿಯಾಯಿತು.